ಮೈಲಮ್ಮನ ಪಾಳಿ

ಮೇಗಳಹಟ್ಟಿಯ ಬೋರಿಂಗಿನ ಮುಂದೆ ದಿನಾ ಬೆಳಿಗ್ಗೆ ಮೂವತ್ತೊಂದು ಕಲ್ಲುಗಳು ಸಾಲಾಗಿ ಕೂತಿರುತ್ತಿದ್ದವು. ಕೈಯಿಂದ ಒತ್ತುವ ಪಂಪಿಗೆ ಆ ಕಡೆ ಬೋರಿಂಗು ಎನ್ನುತ್ತಾರೆ. ಹತ್ತು ಕೊಡ ತುಂಬುವಷ್ಟರಲ್ಲಿ ಅದು ಬರೀ ಗಾಳಿ ಕಕ್ಕುತ್ತಿತ್ತು. ಮತ್ತೆ ನೀರು ಊರಲು ಅರ್ಧ ತಾಸು ಬೇಕು. ಅಷ್ಟು ಹೊತ್ತು ಕೈಕಟ್ಟಿ ನಿಲ್ಲುವ ಹೆಂಗಸು ಹಟ್ಟಿಯಲ್ಲಿ ಒಬ್ಬಳೂ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಇರುತ್ತಿತ್ತು, ಕೊಟ್ಟಿಗೆಯಲ್ಲಿ ಸಗಣಿ ಇರುತ್ತಿತ್ತು, ತೊಟ್ಟಿಲಲ್ಲಿ ಕೂಸು ಇರುತ್ತಿತ್ತು. ಅದಕ್ಕೇ ಅವರ ಬದಲು ಕಲ್ಲು ಕಾಯುತ್ತಿದ್ದವು. ಮನೆಗೊಂದು ಕಲ್ಲು. ಮುಂದಿನವಳ ಕೊಡ ತುಂಬಿದರೆ ಅವಳ ಕಲ್ಲು ಪಕ್ಕಕ್ಕೆ, ಹಿಂದಿನವೆಲ್ಲ ಒಂದೊಂದು ಗೇಣು ಮುಂದಕ್ಕೆ. ಬೋರಿಂಗಿನ ಹತ್ತಿರ ಇದ್ದವರು ಇಲ್ಲದವರ ಕಲ್ಲನ್ನೂ ಸರಿಸಬೇಕು. ಇವತ್ತು ಮೊದಲಿದ್ದದ್ದು ನಾಳೆ ಕೊನೆಗೆ. ಹೀಗೆ ತಿಂಗಳಿಗೊಮ್ಮೆ ಎಲ್ಲರಿಗೂ ಮೊದಲ ಪಾಳಿ ಸಿಗುತ್ತಿತ್ತು.

ಅದರಲ್ಲಿ ಒಂದು ಕಲ್ಲು ಮೈಲಮ್ಮನದು. ಅಂಗೈಯಗಲದ, ಒಂದು ಮೂಲೆ ಒಡೆದ ಕರಿಕಲ್ಲು. ಅದು ಮೊದಲ ಪಾಳಿಗೆ ಬಂದ ದಿನ ಹೆಂಗಸರು ಯಾರೂ ಬೇಗ ಬರುತ್ತಿರಲಿಲ್ಲ. ಏಕೆಂದರೆ ಮೈಲಮ್ಮ ಸತ್ತು ವರ್ಷಗಳಾಗಿದ್ದವು.

ಆ ಕಲ್ಲನ್ನು ಸರಿಸುತ್ತಿದ್ದವಳು ಗಾಳೆಮ್ಮ. ಗುಡೇಕೋಟೆ ಕಡೆಯ ಹೆಣ್ಣು. ಹದಿನಾಲ್ಕಕ್ಕೆ ಮದುವೆಯಾಗಿ ಹುಲುಗಣ್ಣನ ಹಿಂದೆ ಈ ಹಟ್ಟಿಗೆ ಬಂದಿದ್ದಳು. ಎತ್ತರದ ಒಣಕಲು ಮೈ, ದಿಬ್ಬದಾಚೆಗೂ ಕೇಳುವ ದನಿ. ಪಾಳಿಯ ಕಟ್ಟಳೆ ಮಾಡಿದವಳೂ ಅವಳೇ. ಅದಕ್ಕೆ ಮುಂಚೆ ಬೋರಿಂಗಿನ ಹತ್ತಿರ ದಿನಾ ಜಗಳ, ವಾರಕ್ಕೊಂದು ಮಣ್ಣಿನ ಕೊಡ ಚೂರು. ಗಟ್ಟಿ ರಟ್ಟೆಯವಳು ಎಂಟು ಕೊಡ ಒಯ್ಯುವಳು, ಬಾಣಂತಿ ಬರಿಗೈಯಲ್ಲಿ ಹೋಗುವಳು. ಗಾಳೆಮ್ಮ ಕಲ್ಲು ಇಡಿಸಿದಳು, ಪಾಳಿಗೆ ಎರಡೇ ಕೊಡ, ಇನ್ನೂ ಬೇಕಿದ್ದರೆ ಮತ್ತೆ ಸಾಲಿನ ಕೊನೆಗೆ ಎಂದಳು, ನಿನ್ನ ಕಲ್ಲು ಮುಂದೆ ಬಂದಾಗ ನೀನು ಇಲ್ಲದಿದ್ದರೆ ಕಲ್ಲು ಹಿಂದಕ್ಕೆ ಎಂದಳು. ಹಿರಿಯರ ಹೆಂಡತಿಯರೂ ಕೇಳಿದರು. ಪಾಳಿ ಗಾಳೆಮ್ಮ ಎಂಬ ಹೆಸರು ಬಿತ್ತು. ಅಡುಗೆಗೆ ಒಂದು, ಕುಡಿಯಲು ಒಂದು, ಪಾತ್ರೆಗೆ ಒಂದು, ಗಂಡಸರ ಮೈಗೆ ಎರಡು, ದನಕ್ಕೆ ಮೂರು ಎಂದು ಪ್ರತಿ ಮನೆಯ ಕೊಡಗಳ ಎಣಿಕೆ ಅವಳ ನಾಲಿಗೆಯ ಮೇಲಿತ್ತು. ಹೆಂಗಸರ ಮೈ ತೊಳೆಯುವ ನೀರು ಮಾತ್ರ ಆ ಎಣಿಕೆಯಲ್ಲಿ ಎಲ್ಲೂ ಇರಲಿಲ್ಲ. ಉಳಿದರೆ ಉಂಟು.

ಎಂಬತ್ತೊಂಬತ್ತರ ಬೇಸಿಗೆ. ಮೈಲಮ್ಮನಿಗೆ ಆಗ ಇಪ್ಪತ್ತು, ಚೊಚ್ಚಲ ಬಸುರಿ, ಏಳು ತುಂಬಿತ್ತು. ಅವತ್ತು ಗಂಡ ಮಾರೇಶ್ ಸಂತೆಗೆ ಹೊರಟಿದ್ದ. ಅವನ ಮೈಗೆ ನೀರು ಕಾಯಿಸಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಅಂಗಿಗೆ ಗುಂಡಿ ಹಚ್ಚಿ ಕಳಿಸುವ ತನಕ ಅವಳಿಗೆ ಹೊಸಿಲು ದಾಟಲಾಗಲಿಲ್ಲ. ಕೊಡ ಹಿಡಿದು ಓಡಿಬರುವಷ್ಟರಲ್ಲಿ ಅವಳ ಕಲ್ಲು ಪಕ್ಕಕ್ಕೆ ಬಿದ್ದಿತ್ತು, ಹಿಂದಿನವಳ ಕೊಡ ಕೊಳವೆಯ ಕೆಳಗಿತ್ತು.

"ಅಕ್ಕಾ, ಒಂದ ಕೊಡ ಬಿಡಕ್ಕಾ. ಮನ್ಯಾಗ ಕುಡಿಯಾಕ ಹನಿ ಇಲ್ಲ."

"ಪಾಳಿ ತಪ್ಪಿದ್ರ ತಪ್ಪಿತು," ಎಂದಳು ಗಾಳೆಮ್ಮ. "ನಿನಗೊಂದು ಬಿಟ್ರ ನಾಳಿ ಎಲ್ಲಾರೂ ಬಸುರಿನ ಆಗ್ತಾರ. ಹಿಂದ ಇಡು."

ಸುತ್ತಲಿದ್ದವರು ನಕ್ಕರು. ಮೈಲಮ್ಮನೂ ನಕ್ಕಳು. ನಕ್ಕು, ಬಗ್ಗಲಾಗದೆ ಮೊಣಕಾಲೂರಿ ಕೂತು, ಕಲ್ಲನ್ನು ಸಾಲಿನ ಕೊನೆಗೆ ತಾನೇ ಇಟ್ಟಳು. ಒಮ್ಮೆ ಸಾಲು ನೋಡಿದಳು, ಒಮ್ಮೆ ಹೊತ್ತು ನೋಡಿದಳು. ಸಿಂಬಿ ತಲೆಗಿಟ್ಟು ಹಳ್ಳದ ಹಳೇ ಬಾವಿಯ ಕಡೆ ನಡೆದಳು. ಆ ಬಾವಿಯ ಮೆಟ್ಟಿಲುಗಳನ್ನು ಜನ ಬಿಟ್ಟು ನಾಲ್ಕು ವರ್ಷವಾಗಿತ್ತು.

ದನ ಮೇಯಿಸುವವರಿಗೆ ಮೊದಲು ಕಂಡದ್ದು ತೇಲುವ ಕೊಡ. ಹಿರಿಯರು ಕೂತು, ಕಾಲು ಜಾರಿತು ಎಂದರು. ಪೊಲೀಸರು, ಪಂಚನಾಮೆ ಎಂದು ಬಸುರಿ ಹೆಣ್ಣಿನ ಮೈ ಕೊಯ್ಯಿಸುವುದು ಬೇಡ ಎಂದು ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿದರು. ವರ್ಷ ಕಳೆಯುವ ಮೊದಲು ಮಾರೇಶ್ ತೆಲಿಗಿಯ ಹೆಣ್ಣನ್ನು ಮಾಡಿಕೊಂಡು ಆ ಕಡೆಗೇ ಹೋದ. ಮನೆಯ ಸೂರು ಕುಸಿಯಿತು. ಮುಂಗೋಡೆ, ಬಾಗಿಲ ಚೌಕಟ್ಟು, ಅಂಗಳದಲ್ಲಿ ಬಿರುಕು ಬಿಟ್ಟ ಒಂದು ಕಲ್ಲಿನ ಬಾನಿ, ಇಷ್ಟು ಉಳಿದವು.

ಸತ್ತ ಮರುದಿನ ಬೆಳಿಗ್ಗೆ ಕಲ್ಲು ಇಟ್ಟಲ್ಲೇ ಇತ್ತು. ಕೈಗಳು ರೂಢಿಯಂತೆ ಅದನ್ನೂ ಸರಿಸಿದವು. ಗೇಣು ಗೇಣಾಗಿ ಅದು ಬೋರಿಂಗಿನ ಬುಡಕ್ಕೆ ಬಂತು. ಒತ್ತುವ ಹಿಡಿ ನಿಂತಿತು. ಗಾಳೆಮ್ಮ ತನ್ನ ಕೊಡ ತಂದು ಕೊಳವೆಯ ಕೆಳಗಿಟ್ಟಳು, ತುಂಬಿಸಿದಳು, ಹೊತ್ತುಕೊಂಡು ಹೋಗಿ ಆ ಮನೆಯ ಬಾನಿಗೆ ಸುರಿದಳು. ಹಿಂದಿರುಗಿ ಬಂದು ತನ್ನ ಕಲ್ಲನ್ನು ಸಾಲಿನಿಂದ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಅಂದಿನಿಂದ ಅವಳಿಗೆ ಪಾಳಿಯಿಲ್ಲ. ಮೂವತ್ತು ಮನೆಯವರದೂ ಸತ್ತವಳದೂ ಮುಗಿದ ಮೇಲೆ ಬೋರಿಂಗು ಕೊಟ್ಟದ್ದು ಅವಳದು.

ಮನೆಯ ಎಂಟು ಕೊಡಗಳ ಜೊತೆಗೆ ದಿನಾ ಇನ್ನೊಂದು ಕೊಡ. ಬಾನಿ ಎಂದೂ ತುಂಬಲಿಲ್ಲ. ಬಿರುಕಿತ್ತು, ನಾಯಿಗಳಿದ್ದವು, ಬಿಸಿಲಿತ್ತು. ಆದರೂ ಬೆಳಿಗ್ಗೆ ಹೋಗಿ ಒಣಗಿದ ತಳ ನೋಡಿದಾಗ ಗಾಳೆಮ್ಮನಿಗೆ ಕುಡಿದದ್ದು ಯಾರೆಂದು ಗೊತ್ತು ಅನಿಸುತ್ತಿತ್ತು. ಸಾಲಿನಲ್ಲಿ ಕಲ್ಲು ಸರಿಸಲು ಬಗ್ಗಿದಾಗ ಬೆನ್ನ ಹಿಂದೆ ಯಾರೋ ಏದುಸಿರು ಬಿಟ್ಟಂತಾಗುತ್ತಿತ್ತು, ದಿಬ್ಬ ಏರಿ ಓಡಿಬಂದವರ ಹಾಗೆ. ತಿರುಗಿ ನೋಡುತ್ತಿರಲಿಲ್ಲ.

ತೊಂಬತ್ತಾರರಲ್ಲಿ ಎರಡು ಮೈಲಿ ಕೆಳಗಿನ ಪೇಟೆ ಪಟ್ಟಣ ಪಂಚಾಯ್ತಿಯಾಯಿತು. ಮೇಗಳಹಟ್ಟಿಯನ್ನೂ ಅದಕ್ಕೆ ಸೇರಿಸಿದರು. ಹಟ್ಟಿಗೆ ವಾರ್ಡಿನ ನಂಬರು ಬಂತು, ಬಾಗಿಲುಗಳಿಗೆ ಕರಿಬಣ್ಣದ ನಂಬರು ಬಂತು, ಮನೆ ಕಂದಾಯದ ರಸೀದಿ ಬಂತು. ನೀರು ಮಾತ್ರ ಪೇಟೆಯ ಟ್ಯಾಂಕಿನಲ್ಲೇ ಉಳಿಯಿತು. ಪಕ್ಕದ ಮನೆಯ ಬೊಮ್ಮಮ್ಮ, ಯಾವ ಮಾತಿಗೂ ಒಂದು ಕುಟುಕು ಸೇರಿಸದೆ ಬಿಡದವಳು, "ತಾಳಿ ಕಟ್ಯಾರ, ಕೂಳಿಗೆ ಕರದಿಲ್ಲ," ಎನ್ನುತ್ತಿದ್ದಳು.

ತೊಂಬತ್ತೆಂಟರ ಜೋಳದ ಕುಯ್ಲಿನ ಹೊತ್ತಿಗೆ ಬಿಲ್ ಕಲೆಕ್ಟರ್ ಸೋಮಶೇಖರ್ ಮೊಪೆಡ್ಡಿನಲ್ಲಿ ಬಂದ. ಒಳ್ಳೆಯ ಹುಡುಗ, ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ನಮಸ್ಕಾರ ಹೇಳುವವನು. ಮನೆಮನೆಗೆ ನಲ್ಲಿ ಕೊಡಲು ಪಟ್ಟಿ ಬರೆಯಬೇಕಿತ್ತು. ಗಂಡಸರೆಲ್ಲ ಹೊಲಕ್ಕೆ ಹೋಗಿ ಬಾಗಿಲಿಗೆ ಬೀಗಗಳಿದ್ದವು. ಬೋರಿಂಗಿನ ಹತ್ತಿರ ಹೆಂಗಸರು, ಕಲ್ಲು, ಕೊಡ.

"ಯಮ್ಮಾ, ಮನಿ ಯಜಮಾನ್ರ ಹೆಸರು ಹೇಳ್ರಿ," ಎಂದ ಬೊಮ್ಮಮ್ಮನಿಗೆ.

ಬೊಮ್ಮಮ್ಮ ಸೆರಗು ಬಾಯಿಗಿಟ್ಟಳು. "ಗಂಡನ ಹೆಸರು ಬಾಯಾಗ ತಗಂತಾರೇನಪ್ಪಾ? ನಿನ್ನ ಹೇಣ್ತಿ ತಗಂತಾಳೇನು?"

"ನನ್ನಾಕಿ ನನ್ನ ಕೂಗೋದ ಹೆಸರ ಹಿಡದು," ಎಂದ ಅವನು. ಹೆಂಗಸರು ಕೊಡ ಅಲುಗುವಂತೆ ನಕ್ಕರು.

ಯಾರೂ ಗಂಡನ ಹೆಸರು ಹೇಳಲಿಲ್ಲ. ಬಿಸಿಲು ಏರುತ್ತಿತ್ತು. ಕೊನೆಗೆ ಸೋಮಶೇಖರನೇ ದಾರಿ ಕಂಡುಕೊಂಡ. ಮನೆಗೊಂದು ಕಲ್ಲು ಎಂದು ತಿಳಿದ ಮೇಲೆ ಕಲ್ಲುಗಳನ್ನೇ ಎಣಿಸುತ್ತ, ಇದು ಯಾರ್ದು, ಇದು ಯಾರ್ದು ಎಂದು ಕೇಳುತ್ತ ಹೆಂಗಸರದೇ ಹೆಸರು ಬರೆದುಕೊಂಡ. ಗಾಳೆಮ್ಮ ಅವನ ಜೊತೆ ಸಾಲಿನುದ್ದ ನಡೆದಳು. ಮೂಲೆ ಒಡೆದ ಕರಿಕಲ್ಲಿನ ಹಿಂದೆ ಯಾರೂ ನಿಂತಿರಲಿಲ್ಲ. ಅದರ ಪಕ್ಕ ಬಗ್ಗಿ, ಅದರ ಮೇಲೆ ಕೈಯಿಟ್ಟು ಸರಿಸುತ್ತಿದ್ದವಳು ಗಾಳೆಮ್ಮನೇ.

"ಇದು?"

"ಮೈಲಮ್ಮನ್ದು."

ಅವನು ಬರೆದುಕೊಂಡ. ಸುತ್ತಲಿನವರು ನೆಲ ನೋಡಿದರು. ಆ ಸಾಲಿನಲ್ಲಿ ಒಂಬತ್ತು ವರ್ಷ ಯಾರೂ ಸತ್ತಳು ಎಂಬ ಮಾತು ಆಡಿರಲಿಲ್ಲ. ಕಲ್ಲು ಮೈಲಮ್ಮನದಲ್ಲ ಎನ್ನಲು ಯಾರ ನಾಲಿಗೆಯೂ ಹೊರಳಲಿಲ್ಲ. ಕೊನೆಯ ಕಲ್ಲು ಮುಗಿಸಿ ಸೋಮಶೇಖರ್ ತನ್ನ ಕಂದಾಯದ ಪುಸ್ತಕ ತೆರೆದು ನೋಡಿದ. ಹಟ್ಟಿಯ ಮನೆಗಳು ಮೂವತ್ತೊಂದು, ಹೆಸರುಗಳೂ ಮೂವತ್ತೊಂದು. ಸರಿಹೋಯಿತು ಎಂದು ಮೊಪೆಡ್ಡು ತುಳಿದ. ಬಿದ್ದ ಮನೆಯನ್ನು ಪುಸ್ತಕದಿಂದ ಎಂದೋ ತೆಗೆದಿದ್ದರು. ಪುಸ್ತಕದಲ್ಲಿದ್ದೂ ಪಟ್ಟಿಗೆ ಬಾರದ ಒಂದೇ ಮನೆ, ಕಲ್ಲಿಲ್ಲದ ಗಾಳೆಮ್ಮನದು. ಅವಳು ಏನನ್ನೋ ಕೇಳುವವಳಂತೆ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಅಷ್ಟರಲ್ಲಿ ಧೂಳು.

ಕೊಳವೆ ಬರಲು ಎರಡು ವರ್ಷ ಹಿಡಿಯಿತು. ಎರಡು ಸಾವಿರದ ಫೆಬ್ರವರಿಯಲ್ಲಿ ನಲ್ಲಿ ಕೂಡಿಸುವ ಯರ್ರಿಸ್ವಾಮಿ ಪಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ನಿಂತು ಹೆಸರು ಕೂಗಿ ಗುರುತು ಹಾಕಿದ. ಗಾಳೆಮ್ಮನ ಬಾಗಿಲು ದಾಟಿ ಹೋದ. ಹದಿನೈದು ಹೆಜ್ಜೆ ಆಚೆ, ಮೈಲಮ್ಮನ ಮನೆ ಎಂದು ಹುಡುಗರು ತೋರಿಸಿದ ಬಿದ್ದ ಮನೆಯ ಚೌಕಟ್ಟಿನ ಮುಂದೆ ನಿಂತು ಕೂಗಿದ:

"ಮೈಲಮ್ಮಾ! ಯಮ್ಮಾ ಮೈಲಮ್ಮಾ! ಅದಾಳೋ ಇಲ್ಲೋ?"

ಹಟ್ಟಿಯಲ್ಲಿ ಬೀಸುತ್ತಿದ್ದ, ಕುಟ್ಟುತ್ತಿದ್ದ, ತಿಕ್ಕುತ್ತಿದ್ದ ಸದ್ದೆಲ್ಲ ಒಮ್ಮೆಗೇ ನಿಂತಿತು. ಗಾಳೆಮ್ಮನ ಕೈಯಲ್ಲಿದ್ದ ಬೂದಿಯ ಉಂಡೆ ಪಾತ್ರೆಯೊಳಗೆ ಬಿತ್ತು.

ಸಂಜೆ ಹುಲುಗಣ್ಣ ಕುದಿದ. ಹನ್ನೊಂದು ವರ್ಷದಲ್ಲಿ ಒಂದು ಕೊಡ ಹೊತ್ತವನಲ್ಲ. "ಊರಿಗೆಲ್ಲ ನಲ್ಲಿ, ನನ್ನ ಮನಿಗಿಲ್ಲ! ಹೆಣಕ್ಕ ನೀರು ಕೊಡ್ತಾರೇನು? ನಾಳಿ ಹೋಗು. ಅಕಿ ಸತ್ತಾಳ, ಅದು ನನ್ನ ಹೆಸರು ಅಂತ ಬರಸ್ಕೊಂಡು ಬಾ."

"ನೀನ ಹೋಗಬಾರದ?"

"ಹೇಳಿದಾಕಿ ನೀನು. ನಾನ್ಯಾಕ ಹೋಗ್ಲಿ?"

ಗಾಳೆಮ್ಮ ರೊಟ್ಟಿ ಬಡಿದಿಟ್ಟು, ಕೊಡಗಳನ್ನು ತುಂಬಿಟ್ಟು, ಬಾನಿಗೆ ಒಂದು ಕೊಡ ಸುರಿದು, ಎರಡು ಮೈಲಿ ನಡೆದು ಹೋದಳು. ಸೋಮಶೇಖರ್ ಕುರ್ಚಿ ಕೊಟ್ಟ. ಅವಳು ನೆಲದ ಮೇಲೆ ಕೂತಳು.

"ಅವತ್ತು ನೀವ ಅಲ್ಲೇನು ಮೈಲಮ್ಮ ಅಂದಿದ್ದು?"

"ಕಲ್ಲು ಅಕಿದು ಸ್ವಾಮಿ. ನಾ ಗಾಳೆಮ್ಮ. ಅಕಿ... ಅಕಿ ಇಲ್ಲ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲು ಅರ್ಧ ಮುಂದೆ ಮಾಡಿ ಬಂದು ಮೆಲ್ಲಗೆ ಕೇಳಿದ. "ಸತ್ತದ್ದಕ್ಕ ಚೀಟಿ ಐತೇನು? ಮರಣದ ದಾಖಲೆ?"

"ಇಲ್ಲ."

"ಹಂಗಾದ್ರ ಕಾಗದದಾಗ ಅಕಿ ಸತ್ತಿಲ್ಲಮ್ಮಾ. ಹೆಂಗ ಸತ್ಲು, ಯಾವತ್ತು ಸತ್ಲು, ನೋಡಿದವ್ರು ಯಾರು, ಅಷ್ಟೂ ಬರದು ಕೊಡಬೇಕು. ಒಂದು ಹೆಸರು ಹೊಡದ್ರ ಪಟ್ಟಿ ಪೂರಾ ಮ್ಯಾಲಕ್ಕ ವಾಪಸ್ ಹೋಗ್ತೈತಿ. ಮಾರ್ಚಿ ದಾಟಿದ್ರ ಈ ಕೆಲಸ ಈ ವರ್ಷಕ್ಕ ಮುಗೀತು. ಮತ್ತ ಯಾವಾಗ ಬರತೈತೋ ನಾ ಹೇಳಲಾರೆ." ಮತ್ತೆ ಅಂದ: "ನಂದೂ ತಪ್ಪು ಐತಿ. ನೀವು ಒಪ್ಪಿದ್ರ ಆ ಹೆಸರಿಗೆ ನೀವ ಹೆಬ್ಬಟ್ಟು ಒತ್ತರಿ. ಹತ್ತು ಹದಿನೈದು ಹೆಜ್ಜಿ ದೂರ ಅಷ್ಟ. ನೀರು ನಿಮಗ. ಯಾರೂ ಕೇಳಾಕ ಬರದುಲ್ಲ."

ಅವಳು ನಾಳೆ ಹೇಳುವೆ ಎಂದು ಎದ್ದಳು. ದಾರಿಯುದ್ದ ಒಂದೇ ಯೋಚನೆ. ಹೆಂಗ ಸತ್ಲು ಎಂಬುದನ್ನು ಬರೆದುಕೊಡಬೇಕು. ಕಾಲು ಜಾರಿತು ಎಂದು ಬರೆಸಬಹುದು, ಹಿರಿಯರು ಹಾಗೇ ಅಂದಿದ್ದರು. ಬಾವಿಗೆ ಯಾಕೆ ಹೋದಳು ಎಂದು ಕೇಳಿದರೆ? ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ. ಕೇಳಲಿ ಎಂದು ಅವಳು ಕಾದದ್ದೂ ಉಂಟು. ಬರೆಸಿಬಿಟ್ಟರೆ ಸತ್ತವಳು ಸತ್ತವಳಾಗುತ್ತಾಳೆ, ಕಲ್ಲು ಸಾಲಿನಿಂದ ಹೊರಗೆ ಬರುತ್ತದೆ, ಬಾಗಿಲಿಗೆ ನಲ್ಲಿ ಬರುತ್ತದೆ. ಈ ಮೂರೂ ಅವಳಿಗೆ ಬೇಕಾಗಿದ್ದವು.

ಹಟ್ಟಿಯ ಬಾಯಿಯಲ್ಲೇ ಬೊಮ್ಮಮ್ಮ ಕಾಯುತ್ತಿದ್ದಳು. ಅವತ್ತು ಅವಳಲ್ಲಿ ಕುಟುಕಿರಲಿಲ್ಲ.

"ಏನಂದ್ರಕ್ಕಾ?"

ಗಾಳೆಮ್ಮ ಹೇಳಿದಳು. ಬೊಮ್ಮಮ್ಮ ಬೋರಿಂಗಿನ ಕಡೆ ನೋಡಿದಳು. ಅವಳ ಸೊಸೆ ಹೊನ್ನೂರಮ್ಮ ಹಿಡಿಯ ಮೇಲೆ ಮೈಭಾರ ಬಿಟ್ಟು ಒತ್ತುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿತ್ತು.

"ನಿನಗ ಅನ್ಯಾಯ ಆಗೈತಿ, ಇಲ್ಲ ಅನ್ನಂಗಿಲ್ಲ. ಪಟ್ಟಿ ವಾಪಸ್ ಹೋಗಬಾರದು ಅಂತ ನಾ ಬಾಯಿಬಿಟ್ಟು ಹೇಳಾಕೂ ಬರಂಗಿಲ್ಲ," ಎಂದಳು ಬೊಮ್ಮಮ್ಮ. "ನಮ್ಮ ಹೊನ್ನೂರಿಗೆ ಈಗ ಏಳು ತಿಂಗಳಕ್ಕಾ."

ಏಳು ಎಂಬ ಮಾತಿಗೆ ಗಾಳೆಮ್ಮ ತಿರುಗಿ ನೋಡಿದಳು. ಹೊನ್ನೂರಮ್ಮ ಹಿಡಿ ಬಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಏದುಸಿರು. ಬೆನ್ನ ಹಿಂದೆ ಇಷ್ಟು ವರ್ಷ ಕೇಳಿದ ಅದೇ ಉಸಿರು ಈಗ ಮುಂದಿನಿಂದ ಕೇಳಿಸಿತು.

ಮರುದಿನ ಸೋಮಶೇಖರನ ಮೇಜಿನ ಮೇಲೆ ಶಾಯಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ಒತ್ತುವಾಗ ಅವನು, "ಹೆಸರು ಗಟ್ಟಿ ಹೇಳ್ರಿ, ಸಾಕ್ಷಿಗೆ," ಎಂದ.

"ಮೈಲಮ್ಮ," ಎಂದಳು ಗಾಳೆಮ್ಮ.

ಮನೆಗೆ ಬಂದು ಬೂದಿಯಿಂದ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ನೀಲಿ ನಾಲ್ಕು ದಿನ ಹೋಗಲಿಲ್ಲ. ಆ ಬೆರಳಿನಲ್ಲೇ ಉಪ್ಪು ಹಾಕಿದಳು, ಹಿಟ್ಟು ನಾದಿದಳು, ಗಂಡನ ತಟ್ಟೆ ಬಳಿದಳು. ಹುಲುಗಣ್ಣ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, "ಹದಿನೈದು ಹೆಜ್ಜಿ ಏನ್ ಬಿಡು, ತರಾಕಿ ನೀನ ಅಲ್ಲೇನು," ಎಂದು ತಾನೇ ಸಮಾಧಾನವಾದ.

ಮಾರ್ಚ್ ಮುಗಿಯುವ ಮೊದಲು ನೀರು ಬಿಟ್ಟರು. ಯರ್ರಿಸ್ವಾಮಿ ದಿಬ್ಬದ ಮೇಲಿನ ವಾಲ್ವು ತಿರುಗಿಸಿದಾಗ ಮನೆಮನೆಯ ನಲ್ಲಿಯೂ ಮೊದಲು ಗಾಳಿ ಉಗುಳಿತು. ಮಕ್ಕಳು ಕೇಕೆ ಹಾಕಿದರು. ಬೊಮ್ಮಮ್ಮ ನಲ್ಲಿಗೆ ಅರಿಶಿಣ ಹಚ್ಚಿ, "ಬಾರವ್ವ, ಎರಡು ಮೈಲಿ ನಡದು ದಣದೀದಿ," ಎಂದಳು. ಹೊನ್ನೂರಮ್ಮ ಹೊಸಿಲ ಮೇಲೆ ಕೂತೇ ಕೊಡ ಹಿಡಿದಳು. ಬೋರಿಂಗಿನ ಮುಂದಿನ ಕಲ್ಲುಗಳು ಅವತ್ತೇ ಮನೆ ಸೇರಿದವು. ಒಂದು ಬಾಗಿಲಿಗೆ ಒತ್ತು, ಒಂದು ಒಲೆಯ ಗುಂಡು, ಒಂದು ಉಪ್ಪಿನಕಾಯಿ ಜಾಡಿಯ ಮೇಲಿನ ಭಾರ.

ನಲ್ಲಿ ಬಂದ ಮೇಲೆ ಹಟ್ಟಿಯ ಗಂಡಸರು ದಿನಕ್ಕೆ ಎರಡು ಸಲ ಮೈ ತೊಳೆಯುವುದನ್ನು ಕಲಿತರು. ಇಬ್ಬರು ಎಮ್ಮೆ ತಂದು ಕಟ್ಟಿದರು. ಹೆಂಗಸರ ತಲೆಯ ಮೇಲಿನ ಸಿಂಬಿ ಇಳಿಯಿತು. ಆದರೆ ಕೊಡಗಳ ಎಣಿಕೆ ಎಂಟರಿಂದ ಹದಿನಾಲ್ಕಕ್ಕೆ ಏರಿತ್ತು.

ಮೈಲಮ್ಮನ ನಲ್ಲಿಯನ್ನು ಬಿದ್ದ ಮನೆಯ ಮುಂಗೋಡೆಗೆ, ಬಾನಿಯ ಮೇಲೆ ಕೂಡಿಸಿದ್ದರು. ನೀರು ಬಿಟ್ಟ ಮೊದಲ ದಿನ ಗಾಳೆಮ್ಮ ಅಲ್ಲಿಗೆ ಎರಡು ಕೊಡ ಒಯ್ದಳು, ಎರಡು ಕಲ್ಲನ್ನೂ ಒಯ್ದಳು. ಮೂಲೆ ಒಡೆದ ಕರಿಕಲ್ಲನ್ನು ನಲ್ಲಿಯ ಬುಡದಲ್ಲಿಟ್ಟಳು. ಅದರ ಹಿಂದೆ ಒಂದು ಗೇಣು ಬಿಟ್ಟು, ಸೆರಗಿನ ಗಂಟು ಬಿಚ್ಚಿ ತನ್ನ ಕಲ್ಲನ್ನು ಇಟ್ಟಳು. ನಲ್ಲಿ ಬಹಳ ಹೊತ್ತು ಬರೀ ಉಸಿರಾಡಿತು. ಆಮೇಲೆ ಕೆಮ್ಮಣ್ಣಿನ ನೀರು, ಆಮೇಲೆ ತಿಳಿ.

"ಮುಂದ ಯಾರದಾರ ಅಂತ ನಿಂತೀಯಕ್ಕಾ? ಹಿಡಿ," ಎಂದಳು ಬೊಮ್ಮಮ್ಮ ತನ್ನ ಅಂಗಳದಿಂದ.

"ಅಕಿದು ತುಂಬಲಿ."

ಮೈಲಮ್ಮನ ಕೊಡ ತುಂಬಿತು. ಗಾಳೆಮ್ಮ ಅದನ್ನು ಪಕ್ಕಕ್ಕಿಟ್ಟು, ಕರಿಕಲ್ಲು ಸರಿಸಿ, ತನ್ನ ಕಲ್ಲನ್ನು ಮುಂದೆ ದೂಡಿ, ತನ್ನ ಕೊಡ ಇಟ್ಟಳು. ಇಟ್ಟು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು. ಆ ದನಿ ಅವಳ ಬಾಯಿಂದ ಹಟ್ಟಿಯವರು ಎಂದೂ ಕೇಳಿರಲಿಲ್ಲ.

"ಮೈಲೀ, ಒಂದ ಕೊಡ ಬಿಡವ್ವಾ."

ಕೆಲವು ದಿನ ನೀರು ಬರುತ್ತಿತ್ತು. ಕೆಲವು ದಿನ ಮೈಲಮ್ಮನ ಕೊಡ ಕಂಠದ ತನಕ ತುಂಬಿ, ಗಾಳೆಮ್ಮನ ಕೊಡ ಕೆಳಗೆ ಬಂದ ಕೂಡಲೇ ನಲ್ಲಿ ಬಿಕ್ಕಿ ನಿಂತುಬಿಡುತ್ತಿತ್ತು. ಯರ್ರಿಸ್ವಾಮಿ ಬಂದು ನೋಡಿದ. ಇದು ಕೊಳವೆಯ ಕೊನೆ, ಮೇಲಾಗಿ ದಿಬ್ಬ, ಕೆಳಗಿನವರು ನಲ್ಲಿ ತಿರುಗಿಸಿಕೊಂಡರೆ ನೀರು ಇಲ್ಲಿಗೆ ಏರುವುದಿಲ್ಲ ಎಂದ. ಅದು ನಿಜವೇ. ಗಾಳೆಮ್ಮ ತಲೆಯಾಡಿಸಿದಳು.

ಅಂಥ ದಿನ ಹುಲುಗಣ್ಣ ಅಂಗಳದಿಂದ ಕೂಗುತ್ತಿದ್ದ. "ತುಂಬಿದ ಕೊಡ ಅಲ್ಲೇ ಐತಲ್ಲಲೇ! ಅದನ್ನ ತರಬಾರದ?"

ಅವಳು ಅದನ್ನು ತರುತ್ತಿರಲಿಲ್ಲ. ತುಂಬಿದ ಕೊಡವನ್ನು ಎತ್ತಿ ಬಾನಿಗೆ ಸುರಿಯುತ್ತಿದ್ದಳು. "ತಪ್ಪಿದ್ರ ತಪ್ಪಿತು," ಎಂದು ತನ್ನ ಕಲ್ಲನ್ನು ಕರಿಕಲ್ಲಿನ ಹಿಂದೆ ಮತ್ತೆ ಇಡುತ್ತಿದ್ದಳು. ಆಮೇಲೆ ಖಾಲಿ ಕೊಡ ಸೊಂಟಕ್ಕೇರಿಸಿ ಹಳೆಯ ಬೋರಿಂಗಿಗೆ ಹೋಗುತ್ತಿದ್ದಳು. ಅಲ್ಲಿ ಈಗ ಸಾಲಿಲ್ಲ, ಕಲ್ಲಿಲ್ಲ, ಹಿಡಿಗೆ ತುಕ್ಕು. ಆದರೂ ಕೊಳವೆಯ ಕೆಳಗೆ ಕೊಡ ಇಡುವ ಮೊದಲು ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು, ಓಡಿಬಂದವರು ಯಾರಾದರೂ ಇದ್ದರೆ ಮೊದಲು ತುಂಬಿಕೊಳ್ಳಲಿ ಎನ್ನುವ ಹಾಗೆ.